ಐದು ಓದಿ, ಒಂದು ವೋಟು ಹಾಕಿ: ಶಿಕಾರಿಪುರ, ಸೊರಬದ ವಿದ್ಯಾರ್ಥಿಗಳಿಗೆ ಯಶಸ್ಸಿನ ಸೂತ್ರಗಳು

ಒಳ್ಳೆಯ ಪುಸ್ತಕ ಯಾವುದು ಎಂದು ದೊಡ್ಡವರೇ ತೀರ್ಮಾನಿಸಬೇಕಿಲ್ಲ. ಅಮೆರಿಕದ ಸಿಯಾಟಲ್‌ನ ಪುಸ್ತಕ ವ್ಯಾಪಾರಿ ಹ್ಯಾರಿ ಹಾರ್ಟ್‌ಮನ್ ಅವರ ಪ್ರಯತ್ನದಿಂದ, ಮಕ್ಕಳೇ ವೋಟು ಹಾಕಿ ಆರಿಸುವ ಪ್ರಶಸ್ತಿ 1940ರಲ್ಲೇ ಶುರುವಾಯಿತು. ಟೆಕ್ಸಾಸ್‌ನ ಬ್ಲೂಬಾನೆಟ್ ಪ್ರಶಸ್ತಿಯ ನಿಯಮ ಇನ್ನೂ ಖಡಕ್: ಪಟ್ಟಿಯಲ್ಲಿರುವ 20 ಪುಸ್ತಕಗಳಲ್ಲಿ ಕನಿಷ್ಠ 5 ಓದಿದವರಿಗಷ್ಟೇ ವೋಟು. ಅಲ್ಲಿನ ಮತದಾರರು ಮೂರರಿಂದ ಆರನೇ ಕ್ಲಾಸಿನ ಮಕ್ಕಳು. ನಿಮ್ಮ ಶಾಲೆಯಲ್ಲೂ ಇಂಥ ಪ್ರಶಸ್ತಿ ಸಾಧ್ಯ. ಶುರು ಮಾಡುವವರು ನೀವಾಗಿ.

1. ಇವತ್ತೇ ಮೆಂಬರ್ ಆಗಿ.
ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ದುಡ್ಡಿಲ್ಲ ಅನ್ನುವ ನೆಪ ಅಲ್ಲಿಗೇ ಮುಗಿಯಿತು.

2. ಶಾಲೆಯ ಬೀರುವಿನ ಬೀಗ ತೆಗೆಸಿ.
ಒಂದು ಪುಸ್ತಕ ಎತ್ತಿಕೊಂಡು ಕೊನೆಯ ಪುಟ ನೋಡಿ. ಅಲ್ಲಿ ತಾರೀಕು ಬರೆಯುವ ಚೀಟಿ ಅಂಟಿಸಿರುತ್ತಾರೆ. ಅದು ಖಾಲಿ ಇದ್ದರೆ ಆ ಪುಸ್ತಕ ಯಾರ ಕೈಗೂ ಹೋಗಿಲ್ಲ ಎಂದರ್ಥ. ಶಾಲಾ ಸಂಸತ್ತಿನಲ್ಲಿ ಗ್ರಂಥಾಲಯದ ಹೊಣೆ ಕೇಳಿ ಪಡೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿ: ಪುಸ್ತಕ, ಹೆಸರು, ಒಯ್ದ ದಿನ, ತಂದ ದಿನ. ಪುಸ್ತಕ ಕಳೆದೀತೆಂಬ ಭಯಕ್ಕೆ ಬೀರು ಮುಚ್ಚಿರುತ್ತದೆ. ಲೆಕ್ಕ ಸರಿಯಾಗಿ ಇಟ್ಟು ತೋರಿಸಿ, ಕೀಲಿಕೈ ನಿಮ್ಮ ಕೈಗೇ ಬರುತ್ತದೆ. ಮುಂದೆ ಯಾವ ಆಫೀಸಿನಲ್ಲಾದರೂ ಜವಾಬ್ದಾರಿ ಸಿಗುವುದು ಇದೇ ರೀತಿಯಲ್ಲಿ.

3. ವೋಟಿಗೆ ಹತ್ತೇ ಪುಸ್ತಕಗಳ ಪಟ್ಟಿ ಮಾಡಿ.
ಗೈಡ್ ಬೇಡ, ಪಠ್ಯಪುಸ್ತಕ ಬೇಡ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಅಲ್ಲಿಂದ ಆರಂಭಿಸಿ. ಮೊದಲ ವರ್ಷ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ'ಗೆ ಬಂತು. 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಬೀಗಾರರು ಪಕ್ಕದ ಉತ್ತರ ಕನ್ನಡ ಜಿಲ್ಲೆಯವರು, ಮೇಷ್ಟ್ರಾಗಿದ್ದವರು. ಇವನ್ನೆಲ್ಲ ಆರಿಸಿದ್ದು ದೊಡ್ಡವರು. ಅವರ ಆಯ್ಕೆ ನಿಮಗೆ ಒಪ್ಪಿಗೆಯೇ? ಓದಿ ಹೇಳಿ. ಪ್ರತಿ ಪುಸ್ತಕದ ಎರಡು ಪ್ರತಿಯಾದರೂ ಇರಲಿ. ಸಾಲದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವುದು ನಿಮ್ಮ ಹಕ್ಕು.

4. ಐದು ಓದದವರಿಗೆ ವೋಟಿಲ್ಲ. ಗೆಳೆಯನಿಗೂ ಇಲ್ಲ.
ಒಂದೇ ಪುಸ್ತಕ ಓದಿದವನು ಅದನ್ನೇ ಬೆಸ್ಟ್ ಅನ್ನುತ್ತಾನೆ. ಐದು ಓದಿದವನಿಗೆ ಹೋಲಿಸಿ ನೋಡುವುದು ಗೊತ್ತು. ಓದಿದ್ದಾರೋ ಇಲ್ಲವೋ ತಿಳಿಯಲು ರಿಪೋರ್ಟ್ ಬರೆಸಬೇಡಿ, ಓದೂ ಹೋಮ್‌ವರ್ಕ್ ಆಗಿಬಿಡುತ್ತದೆ. "ಈ ಕತೆಯಲ್ಲಿ ಯಾರ ಮೇಲೆ ಸಿಟ್ಟು ಬಂತು?" ಎಂದು ಕೇಳಿ. ಓದಿದವರು ತಡವರಿಸುವುದಿಲ್ಲ.

5. "ನಂಗೆ ಟೈಮಿಲ್ಲ" ಅನ್ನುವುದನ್ನು ಬಿಡಿ.
ಅದು ಅಭ್ಯಾಸಬಲ, ಅಷ್ಟೇ. ದಿನಕ್ಕೆ 20 ನಿಮಿಷ ಸಾಕು. ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಓದಿ. ಹಿಡಿಸದ ಪುಸ್ತಕವನ್ನು ಇಪ್ಪತ್ತನೇ ಪುಟಕ್ಕೆ ಮುಚ್ಚಿ ಬೇರೆಯದು ತೆಗೆದುಕೊಳ್ಳಿ.

6. ನಿಮ್ಮ ಪುಸ್ತಕದ ಪರವಾಗಿ ಪ್ರಚಾರ ಮಾಡಿ.
ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಸಮಯ ಕೇಳಿ. ಕತೆ ಪೂರ್ತಿ ಹೇಳಬೇಡಿ. ಒಂದು ಸನ್ನಿವೇಶ ಹೇಳಿ, ಒಂದು ಕಾರಣ ಕೊಡಿ, ಕೂತುಕೊಳ್ಳಿ. ಎದುರು ಪಕ್ಷದವರು ಪ್ರಶ್ನೆ ಹಾಕಲಿ. ಓದಿ ಮಾತನಾಡುವುದು ನಮ್ಮ ನೆಲಕ್ಕೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದು 1162ರ ಶಾಸನವೇ ಹೇಳುತ್ತದೆ. ಅಲ್ಲಮಪ್ರಭುವಿನ ಊರೂ ಬಳ್ಳಿಗಾವೆಯೇ. ಅಂಥ ತಾಲ್ಲೂಕಿನ ಹುಡುಗಿಯೋ ಹುಡುಗನೋ ಗ್ರೂಪ್ ಡಿಸ್ಕಷನ್ನಿನಲ್ಲಿ ಬಾಯಿ ಬಿಡದೆ ಕೂರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹತ್ತು ಸಲ ಪುಸ್ತಕದ ಪರ ವಾದಿಸಿದವರಿಗೆ ಇಂಟರ್‌ವ್ಯೂ ಬೋರ್ಡ್ ಎದುರು ನಾಲಿಗೆ ಒಣಗುವುದಿಲ್ಲ.

7. ನವೆಂಬರ್ 14ಕ್ಕೆ ಗುಪ್ತ ಮತದಾನ ಇಡಿ.
ಅಂದು ಮಕ್ಕಳ ದಿನ, ಗ್ರಂಥಾಲಯ ಸಪ್ತಾಹದ ಮೊದಲ ದಿನವೂ ಹೌದು. ಪೋಸ್ಟ್‌ಕಾರ್ಡ್ ಅಳತೆಯ ಚೀಟಿಯಲ್ಲಿ ಹತ್ತು ಹೆಸರು ಬರೆಯಿರಿ, ಪಕ್ಕದಲ್ಲಿ ಖಾಲಿ ಚೌಕ ಬಿಡಿ. ಮುಚ್ಚಳಕ್ಕೆ ಸೀಳು ಕೊಯ್ದ ರಟ್ಟಿನ ಡಬ್ಬಿಯೇ ಮತಪೆಟ್ಟಿಗೆ. ಬೆರಳಿಗೆ ಶಾಯಿ ಹಚ್ಚಿ. ಶಿಕ್ಷಕರಿಗೆ ವೋಟಿಲ್ಲ, ವಿನಯದಿಂದಲೇ ಹೇಳಿ, ಆದರೆ ಹೇಳಿ. ಎಲ್ಲರೆದುರು ಒಂದೊಂದೇ ಚೀಟಿ ಬಿಚ್ಚಿ, ಗಟ್ಟಿಯಾಗಿ ಓದಿ, ಕರಿಹಲಗೆಯ ಮೇಲೆ ಗೆರೆ ಎಳೆಯಿರಿ. ಹೆಡ್‌ಮಾಸ್ಟರ್ ಮೆಚ್ಚಿದ ಪುಸ್ತಕಕ್ಕೆ ಮೂರೇ ವೋಟು ಬಿದ್ದರೂ ಮೂರೆಂದೇ ಬರೆಯಿರಿ. ಲೆಕ್ಕ ತಿದ್ದಿದ ದಿನವೇ ಪ್ರಶಸ್ತಿ ಸತ್ತಿತು.

8. ಗೆದ್ದ ಲೇಖಕರಿಗೆ ಪತ್ರ ಬರೆಯಿರಿ.
ಸಪ್ತಾಹ ನವೆಂಬರ್ 20ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪ್ರಕಾಶಕರ ವಿಳಾಸಕ್ಕೆ ಅಂಚೆಗೆ ಹಾಕಿ. ಎಷ್ಟು ಮಕ್ಕಳು ಓದಿದರು, ಎಷ್ಟು ವೋಟು ಬಿತ್ತು, ಯಾವ ಪುಟದಲ್ಲಿ ಬೋರಾಯಿತು, ಎಲ್ಲವನ್ನೂ ಬರೆಯಿರಿ. ಕೆಳಗೆ ಓದಿದವರೆಲ್ಲರ ಸಹಿ ಇರಲಿ, ಶಾಲೆಯ ಪಿನ್‌ಕೋಡ್ ಮರೆಯಬೇಡಿ. ಉತ್ತರ ಬಂದರೆ ಆ ಪುಸ್ತಕದೊಳಗೇ ಅಂಟಿಸಿಡಿ, ಮುಂದಿನ ವರ್ಷದವರು ಓದಲಿ.