ಇಪ್ಪತ್ತರ ಸ್ಪೀಡಲ್ಲೂ ಬೈಕ್ ಯಾಕೆ ಬೀಳುತ್ತೆ?

ಬೈಕ್ ಕಲಿತು ಮೂರ್ನಾಲ್ಕು ತಿಂಗಳಾದ ಗೆಳೆಯರನ್ನು ಕೇಳಿ ನೋಡಿ, "ಬಿದ್ದಿದ್ದೀಯಾ?" ಅಂತ. ನಮಗೆ ಸಿಗೋ ಉತ್ತರ ಬಹುತೇಕ ಒಂದೇ ಥರ ಇರುತ್ತೆ: ಒಂದು ತಿರುವು, ಕಡಿಮೆ ಸ್ಪೀಡು, ರಸ್ತೆ ಮೇಲೆ ಸ್ವಲ್ಪ ಮರಳೋ ನೀರೋ. ಬ್ರೇಕ್ ಹಿಡಿದದ್ದಷ್ಟೇ ಗೊತ್ತು, ಕಣ್ಣು ಬಿಟ್ಟರೆ ನೆಲದ ಮೇಲೆ. ಮೊಣಕಾಲು ತರಚಿರುತ್ತೆ, ಇಂಡಿಕೇಟರ್ ಮುರಿದಿರುತ್ತೆ. "ಟೈಮ್ ಸರಿ ಇರ್ಲಿಲ್ಲ ಮಗಾ" ಅಂದು ಮರೆತುಬಿಡ್ತೀವಿ. ಆದರೆ ಇದು ಗ್ರಹಚಾರವಲ್ಲ, ನಾವೇ ಓದಿ ಪಾಸಾದ ಮೆಕ್ಯಾನಿಕ್ಸ್. ಅದೇ ಜಾಗದಲ್ಲಿ ಹಿಂದೆ ಒಂದು ಟ್ಯಾಂಕರ್ ಬರ್ತಿದ್ದರೆ ಕತೆ ಮೊಣಕಾಲಿಗೆ ಮುಗಿಯುವುದಿಲ್ಲ. ಹಾಗಾಗಿ ಒಮ್ಮೆ ಲೆಕ್ಕ ಹಾಕಿ ನೋಡೋಣ.

ತಿರುವಿನ ಲೆಕ್ಕ

ಸಣ್ಣ ಕ್ರಾಸ್ ಒಂದರಲ್ಲಿ 8 ಮೀಟರ್ ತ್ರಿಜ್ಯದ ತಿರುವು ಅಂದುಕೊಳ್ಳೋಣ. ವೇಗ ಗಂಟೆಗೆ 20 ಕಿ.ಮೀ., ಅಂದರೆ ಸೆಕೆಂಡಿಗೆ 5.56 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಸುಮಾರು 3.86 ಬರುತ್ತೆ. ಅದನ್ನು ಗುರುತ್ವದ 9.81ರಿಂದ ಭಾಗಿಸಿದರೆ 0.39. ಅಂದರೆ ಜಾರದೆ ತಿರುಗಬೇಕಾದರೆ ಟೈರಿಗೂ ರಸ್ತೆಗೂ ನಡುವಿನ ಘರ್ಷಣಾ ಗುಣಾಂಕ ಕನಿಷ್ಠ 0.39 ಇರಲೇಬೇಕು.

ಒಣ ಡಾಂಬರಿಗೆ 0.7 ಅಂತ ಹಿಡಿಯೋಣ, ಆರಾಮಾಗಿ ತಿರುಗಬಹುದು. ಡಾಂಬರಿನ ಮೇಲೆ ಮರಳು ಹರಡಿ ಅದು 0.3ಕ್ಕೆ ಇಳಿದರೆ? ಬ್ರೇಕ್ ಮುಟ್ಟದಿದ್ದರೂ ಬೈಕ್ ಜಾರುತ್ತೆ. ಅದೇ ತಿರುವನ್ನು 15ರಲ್ಲಿ ತಗೊಂಡರೆ ಬೇಕಾಗೋದು ಬರೀ 0.22. ಐದು ಕಿಲೋಮೀಟರ್ ಕಮ್ಮಿ ಮಾಡಿದ್ದಕ್ಕೆ ಬೇಕಾದ ಹಿಡಿತ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ವೇಗ ಇಲ್ಲಿ ವರ್ಗದಲ್ಲಿ ಕೂತಿದೆ, ಅದೇ ಕಾರಣ.

ಇರೋದು ಒಂದೇ ಹಿಡಿತ

ತಿರುಗುವುದಕ್ಕೂ ಬ್ರೇಕ್ ಹಾಕುವುದಕ್ಕೂ ಟೈರಿನ ಹತ್ತಿರ ಬೇರೆ ಬೇರೆ ಹಿಡಿತ ಇಲ್ಲ. ಇರೋ ಒಂದನ್ನೇ ಎರಡೂ ಹಂಚಿಕೊಳ್ಳಬೇಕು. ಎರಡೂ ಲಂಬ ದಿಕ್ಕಿನಲ್ಲಿರುವುದರಿಂದ ಪೈಥಾಗೊರಸ್ ಸಾಕು. ಒದ್ದೆ ರಸ್ತೆಯಲ್ಲಿ ಗುಣಾಂಕ 0.4 ಇದೆ ಅನ್ನಿ. 20ರ ವೇಗದಲ್ಲಿ ತಿರುವೇ 0.39 ತಿಂದುಬಿಡುತ್ತೆ, ಬ್ರೇಕಿಗೆ ಉಳಿಯೋದು 0.09 ಮಾತ್ರ. ಆಗ ಎದುರಿಗೆ ನಾಯಿ ಬಂತು ಅಂತ ಗಾಬರಿಯಿಂದ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರದೆ ಇನ್ನೇನು ಮಾಡೀತು? 15ರಲ್ಲಿ ಇದ್ದಿದ್ದರೆ 0.33 ಉಳಿದಿರುತ್ತಿತ್ತು. ತಿರುವಿಗೆ ಮುಂಚೆ, ಬೈಕ್ ನೇರ ಇರುವಾಗಲೇ ಬ್ರೇಕ್ ಮುಗಿಸಬೇಕು ಅಂತ ಹೇಳೋದು ಇದಕ್ಕೇ.

"ಮುಂದಿನ ಬ್ರೇಕ್ ಮುಟ್ಟಬೇಡ"

ಮನೆಯಲ್ಲಿ ಬೈಕ್ ಕಲಿಸುವಾಗ ನಾವೆಲ್ಲ ಕೇಳಿರೋ ಮಾತಿದು. ತಿರುವಿನಲ್ಲಿ, ಮರಳಿನ ಮೇಲೆ ಇದು ಸರಿ. ನೇರ, ಒಣ ರಸ್ತೆಯಲ್ಲಿ ಪೂರ್ತಿ ತಪ್ಪು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬರುತ್ತೆ. ಚಕ್ರಗಳ ನಡುವೆ 1.3 ಮೀ., ಸವಾರನೂ ಸೇರಿ ಗುರುತ್ವ ಕೇಂದ್ರದ ಎತ್ತರ 0.65 ಮೀ. ಅಂತ ಇಟ್ಟುಕೊಂಡು, ಮೊದಲು ಭಾರ ಎರಡೂ ಕಡೆ ಸಮ ಇತ್ತು ಅನ್ನೋಣ. ಗುರುತ್ವದ 0.7 ಪಟ್ಟು ಬ್ರೇಕ್ ಹಾಕಿದರೆ ಮುಂದಿನ ಚಕ್ರದ ಮೇಲೆ ಶೇ. 85, ಹಿಂದಿನದರ ಮೇಲೆ ಬರೀ ಶೇ. 15 ಭಾರ. ಭಾರವೇ ಇಲ್ಲದ ಚಕ್ರಕ್ಕೆ ಬ್ರೇಕ್ ಒತ್ತಿ ಏನು ಪ್ರಯೋಜನ? ಅದು ಲಾಕ್ ಆಗಿ ಬಾಲ ಅಲ್ಲಾಡಿಸುತ್ತೆ ಅಷ್ಟೇ. ಆದ್ದರಿಂದ ಎರಡೂ ಬ್ರೇಕ್ ಬೇಕು. ಮುಂದಿನದನ್ನು ಗಬಕ್ಕನೆ ಹಿಡಿಯದೆ, ಭಾರ ಮುಂದೆ ಬರುತ್ತಿದ್ದಂತೆ ಹಿಂಡುತ್ತಾ ಹೋಗಬೇಕು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎಬಿಎಸ್ ಅಥವಾ ಸಿಬಿಎಸ್ ಕಡ್ಡಾಯವಾಯಿತು. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತೆ, ನಿಜ. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ತಂದುಕೊಡಲ್ಲ.

ನಮ್ಮ ರಸ್ತೆಗಳಲ್ಲಿ

ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟುಗಳಿಗೆ ಹೋಗೋ ನೀರಿನ ಟ್ಯಾಂಕರುಗಳು ಬೇಸಿಗೆಯಲ್ಲೂ ರಸ್ತೆ ಒದ್ದೆ ಮಾಡ್ತಾ ಹೋಗುತ್ತವೆ. ಪೀಣ್ಯದ ಒಳರಸ್ತೆಗಳಲ್ಲಿ ಲೇತ್ ಚೂರು, ಆಯಿಲ್ ಕಲೆ ಹೊಸದೇನಲ್ಲ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆ ಕಟ್ಟಡದ ಕೆಲಸ ನಡೆಯುವಲ್ಲಿ ಎಂ-ಸ್ಯಾಂಡ್ ತಿರುವಿನ ಅಂಚಿಗೇ ಬಂದು ಸೇರುತ್ತೆ. ಇನ್ನು ಏಪ್ರಿಲ್–ಮೇ ತಿಂಗಳ ಅಶ್ವಿನಿ, ಭರಣಿ ಮಳೆ: ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಮೊದಲ ಹನಿಗೆ ಲೋಳೆಯಾಗುತ್ತೆ. ಜೋರು ಮಳೆ ಬಂದು ತೊಳೆದುಹೋಗುವ ತನಕ ಆ ಮೊದಲ ಹತ್ತಿಪ್ಪತ್ತು ನಿಮಿಷ ಎಲ್ಲಾದರೂ ನಿಂತು ಟೀ ಕುಡಿಯೋದೇ ವಾಸಿ.

ಬಿದ್ದ ಮೇಲೆ

ಮೊದಲು ಎಂಜಿನ್ ಆಫ್ ಮಾಡಿ, ರಸ್ತೆ ಬದಿಗೆ ಬನ್ನಿ. ಎದ್ದ ತಕ್ಷಣ ನೋವು ಗೊತ್ತಾಗದೇ ಇರಬಹುದು, ಹತ್ತು ನಿಮಿಷ ಕೂತುಕೊಳ್ಳಿ. ತಲೆಗೆ ಪೆಟ್ಟು ಬಿದ್ದಿದ್ದು ವಾಂತಿ, ಮಂಪರು, ಹೆಚ್ಚುತ್ತಾ ಹೋಗುವ ತಲೆನೋವು ಇದ್ದರೆ ಹಾಸ್ಟೆಲಿಗಲ್ಲ, ಆಸ್ಪತ್ರೆಗೆ ಹೋಗಿ. ಆಂಬುಲೆನ್ಸಿಗೆ 108. ಇನ್ನೊಬ್ಬರಿಗೆ ಗಾಯವಾಗಿದ್ದರೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಸವಾರನ ಕರ್ತವ್ಯ, ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಲ್ಲಿದೆ. ಬಿದ್ದವರಿಗೆ ಸಹಾಯ ಮಾಡಿದವರಿಗೆ 134ಎ ಕಲಮು ರಕ್ಷಣೆ ಕೊಡುತ್ತೆ, ಆದ್ದರಿಂದ ಬೇರೆಯವರು ಬಿದ್ದಾಗ "ನಮಗ್ಯಾಕೆ" ಅಂತ ಹೋಗಬೇಡಿ.

ಬೈಕ್ ಹತ್ತುವ ಮುನ್ನ ಹ್ಯಾಂಡಲ್ ಸೊಟ್ಟಗಾಗಿದೆಯಾ, ಬ್ರೇಕ್ ಲಿವರ್ ಬಾಗಿದೆಯಾ ನೋಡಿ. ಹೆಲ್ಮೆಟ್ಟಿಗೆ ಏಟು ಬಿದ್ದಿದ್ದರೆ ಬದಲಿಸಿ. ಒಳಗಿನ ಥರ್ಮಕೋಲ್ ಒಂದು ಸಲ ಒತ್ತಿಹೋದರೆ ಮುಗೀತು, ಹೊರಗೆ ಗೀರಿಲ್ಲದಿದ್ದರೂ ಅಷ್ಟೇ. ಹೊಸದರ ಮೇಲೆ ಐಎಸ್ 4151 ಗುರುತಿರಲಿ.

ಕೊನೆಯದಾಗಿ, ಮುಚ್ಚಿಡಬೇಡಿ. ಅಮ್ಮನಿಗೆ ಗೊತ್ತಾದರೆ ಬೈಕ್ ಕೀ ಹೋಗುತ್ತೆ ಅನ್ನೋ ಭಯ ನಮ್ಮೆಲ್ಲರಿಗೂ ಇದೆ. ಆದರೆ ಮುಚ್ಚಿಟ್ಟರೆ ಗಾಯದ ಜೊತೆ ಪಾಠವೂ ಮುಚ್ಚಿಹೋಗುತ್ತೆ. ಎಲ್ಲಿ, ಎಷ್ಟು ಸ್ಪೀಡು, ನೆಲ ಹೇಗಿತ್ತು, ಕೈ ಯಾವ ಬ್ರೇಕ್ ಮೇಲಿತ್ತು ಅಂತ ನಾಲ್ಕು ಸಾಲು ಬರೆದಿಡಿ, ಕ್ಲಾಸ್ ಗ್ರೂಪಿಗೂ ಹಾಕಿ. ನಾಳೆ ಅದೇ ತಿರುವಿಗೆ ಹೋಗೋ ಜೂನಿಯರ್ ಒಬ್ಬ 20ರ ಬದಲು 15ಕ್ಕೆ ಇಳಿಸಿದರೆ ನಮ್ಮ ಇಂಡಿಕೇಟರ್ ಮುರಿದದ್ದಕ್ಕೂ ಬೆಲೆ ಬಂತು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿ, ಮೊದಲು 20ರಿಂದ, ಆಮೇಲೆ 30ರಿಂದ ನೇರವಾಗಿ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ಹತ್ತು ಹತ್ತು ಸಲ ಮಾಡಿ. ಬೇಕಾಗೋದು ಅರ್ಧ ಗಂಟೆ.