ಪಕ್ಕದ ಕೋಣೆಯ ಕಿಟಕಿ

ಹಾರ್ವರ್ಡ್ ಗ್ರಂಥಾಲಯದ ಪುಟ್ಟ ಕೋಣೆ. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್‌ಗೆ ಮುಚ್ಚಿರಬೇಕು. ಅರ್ಧ ತೆರೆದರೆ ಇಬ್ಬರಿಗೂ ಅರ್ಧರ್ಧ ಸಂಕಟ. ಇಬ್ಬರೂ ಸೇರಿ, ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು! ಇನ್ನೊಬ್ಬರಿಗೆ ಬೇಕಿದ್ದದ್ದು ಗಾಳಿ. ಫಾಲೆಟ್‌ಗೆ ಬೇಡವಾಗಿದ್ದದ್ದು ನೇರ ಮೈಗೆ ಬಡಿಯುವ ಬಡಗಣ ಗಾಳಿ, ಅಷ್ಟೇ. 1925ರ ಉಪನ್ಯಾಸವೊಂದರಲ್ಲಿ ಇದನ್ನು ಹೇಳಿದ ಆಕೆ, ಇದು ರಾಜಿಯಲ್ಲ ಎಂದರು. ಇಬ್ಬರೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲವಲ್ಲ.

ಆಫೀಸಿನ ಎಸಿ ರಿಮೋಟು, ಅಪಾರ್ಟ್‌ಮೆಂಟಿನ ಪಾರ್ಕಿಂಗು, ರಜೆಯ ಪಟ್ಟಿ ಹೀಗೆ ಜಗಳ ಯಾವುದಕ್ಕೇ ಇರಲಿ, ‘ಏನು ಬೇಕು’ ಅನ್ನುವುದನ್ನು ಬಿಟ್ಟು ‘ಯಾಕೆ ಬೇಕು’ ಅಂತ ಕೇಳಿ ನೋಡಿ. ದನಿಯಲ್ಲಿ ಪೊಲೀಸ್ ವಿಚಾರಣೆಯ ಗತ್ತು ಬೇಡ. ವಾಟ್ಸಾಪ್ ಗ್ರೂಪಿನಲ್ಲಂತೂ ಕೇಳಲೇಬೇಡಿ. ನಾಲ್ಕು ಜನ ನೋಡುತ್ತಿರುವಾಗ ಯಾರೂ ಪಟ್ಟು ಸಡಿಲಿಸುವುದಿಲ್ಲ. ಕ್ಯಾಂಟೀನಿನಲ್ಲಿ ಎದುರುಬದುರು ಕೂತು, ಕಾಫಿ ಆರುವ ಮೊದಲು ಕೇಳಿ.

ಹಾಗಂತ ಎಲ್ಲ ಜಗಳಕ್ಕೂ ಪಕ್ಕದ ಕೋಣೆ ಇರುವುದಿಲ್ಲ. ಒಂದೇ ಬಡ್ತಿ, ಆಸೆಪಟ್ಟವರು ಇಬ್ಬರು ಅಂದಾಗ ಒಬ್ಬರಿಗೆ ನೋವಾಗಿಯೇ ಆಗುತ್ತದೆ. ನಿರ್ಧಾರ ನಿಮ್ಮದಾಗಿದ್ದರೆ, ಸಿಗದವರನ್ನು ಮೊದಲು ಕರೆದು ಕಾರಣ ಹೇಳಿ, ಸುದ್ದಿ ಕಾರಿಡಾರಿಗೆ ಇಳಿಯುವ ಮುಂಚೆ.