ಹೆಡ್‌ಫೋನಿನ ಆಯ್ಕೆ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನರಿಗೆ 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯ ಪರಿಚಯ ಚೆನ್ನಾಗಿಯೇ ಇದೆ. ಇಂತಹ ನಿಲಯಗಳ ಧ್ವನಿಮುದ್ರಣ ಕೊಠಡಿಯಲ್ಲಿ ಮೈಕಿನಷ್ಟೇ ಮುಖ್ಯವಾದ ಇನ್ನೊಂದು ಸಾಧನವಿರುತ್ತದೆ. ಅದೇ ಹೆಡ್‌ಫೋನ್.

ಹೆಡ್‌ಫೋನಿನ ಒಳಗಿರುವ ತೆಳುವಾದ ಪೊರೆಯು ಕಂಪಿಸಿದಾಗ ಧ್ವನಿಯು ಮುಂದಕ್ಕೂ ಹಿಂದಕ್ಕೂ ಹೊರಡುತ್ತದೆ. ಹಿಂಬದಿಯ ಧ್ವನಿಯನ್ನು ಹೊರಗೆ ಹೋಗಗೊಡುವುದು ತೆರೆದ ಬಗೆ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಇದನ್ನು ಬಳಕೆಗೆ ತಂದಿತು. ಗಟ್ಟಿಯಾದ ಬಟ್ಟಲಿನಿಂದ ಅದನ್ನು ತಡೆಯುವುದು ಮುಚ್ಚಿದ ಬಗೆ. ತೆರೆದುದರಲ್ಲಿ ಸಂಗೀತವು ಹೆಚ್ಚು ಸಹಜವಾಗಿ ಕೇಳಿಸುವುದುಂಟು. ಆದರೂ ಮುದ್ರಣದ ಕೆಲಸಕ್ಕೆ ಮುಚ್ಚಿದುದೇ ಬೇಕು. ಏಕೆ?

ನರೋಣಾದ ಗುಡಿಯ ಅಂಗಳದಲ್ಲಿ ಹಿರಿಯರೊಬ್ಬರು ಏಕತಾರಿ ಮೀಟುತ್ತ ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಹಾಡುತ್ತಿದ್ದಾರೆಂದು ಭಾವಿಸೋಣ. ಎದುರಿಗೆ ಕುಳಿತು ಕೇಳುವವನ ಮನಸ್ಸು ಹಾಡನ್ನು ಮಾತ್ರ ಆರಿಸಿಕೊಳ್ಳುತ್ತದೆ. ಗಾಳಿಯ ಸುಯ್ಯೆಂಬ ಸದ್ದು, ದೂರದ ಪಂಪ್‌ಸೆಟ್ಟಿನ ಗುಂಯ್‌ಗುಟ್ಟುವಿಕೆ, ಮೈಕಿಗೆ ತಗಲುವ ಶಲ್ಯದ ಸರಸರ ಅವನ ಗಮನಕ್ಕೇ ಬಾರವು. ಮೈಕಿಗೆ ಈ ವಿವೇಚನೆಯಿಲ್ಲ. ಅದು ಎಲ್ಲವನ್ನೂ ನುಂಗುತ್ತದೆ. ಮುಚ್ಚಿದ ಹೆಡ್‌ಫೋನ್ ಹೊರಗಿನ ಹಾಡನ್ನು ಬಹುಮಟ್ಟಿಗೆ ಮರೆಮಾಡಿ, ಮೈಕಿಗೆ ಕೇಳಿಸಿದ್ದನ್ನೇ ಕಿವಿಗೆ ತಲುಪಿಸುವುದರಿಂದ ದೋಷವು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಹೆಡ್‌ಫೋನಿನ ಸದ್ದು ಸೋರಿ ಮತ್ತೆ ಮೈಕನ್ನು ಸೇರುವ ಭಯವೂ ಕಡಿಮೆ. ಮನೆಗೆ ಮರಳಿದ ಮೇಲೆ ದೋಷ ಕಂಡರೆ ಪ್ರಯೋಜನವೇನು? ಆ ಹಿರಿಯರು ಅದೇ ಪದವನ್ನು ಅದೇ ಧಾಟಿಯಲ್ಲಿ ಇನ್ನೊಮ್ಮೆ ಹಾಡುವರೆಂಬ ಭರವಸೆಯಿಲ್ಲ; ಅವರೊಡನೆಯೇ ಕಣ್ಮರೆಯಾಗುವ ಧಾಟಿಗಳೂ ಇವೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬರಹಕ್ಕೆ ಮರುಳಾಗಬಾರದು. 20ರಿಂದ 20,000 ಹರ್ಟ್ಸ್ ಎಂಬ ಅಂಕಿಯು ಅಗ್ಗದ ಹೆಡ್‌ಫೋನಿನ ಮೇಲೂ ಅಚ್ಚಾಗಿರುತ್ತದೆ. ಓಮ್ ಎಂಬ ಅಂಕಿಯನ್ನು ಮಾತ್ರ ಅವಶ್ಯವಾಗಿ ನೋಡಬೇಕು: ಮೊಬೈಲಿಗೆ 32 ಓಮ್‌ನದು ಸಾಮಾನ್ಯವಾಗಿ ಒಪ್ಪುತ್ತದೆ, 250 ಓಮ್‌ನದಕ್ಕೆ ಹೆಚ್ಚಾಗಿ ಬೇರೆ ಆಂಪ್ಲಿಫೈಯರ್ ಬೇಕಾಗುತ್ತದೆ. ಮೆತ್ತೆಯು ಕಿವಿಯನ್ನು ಸುತ್ತಲೂ ಬಿಗಿಯಾಗಿ ಆವರಿಸಬೇಕು; ಕನ್ನಡಕದ ಕಡ್ಡಿಯಷ್ಟು ಸಂದಿಯಿದ್ದರೂ ಮಂದ್ರಸ್ವರವು ಸೋರಿಹೋಗುತ್ತದೆ. ಮಂದ್ರವು ಗುಡುಗಿದರೆ ಹೆಡ್‌ಫೋನ್ ಉತ್ತಮವೆಂದು ಹಲವರು ನಂಬುತ್ತಾರೆ. ಇದು ಸರಿಯಲ್ಲ. ಹಾಡುಗಾರನ ಮಾತನ್ನು ಮುಚ್ಚಿಹಾಕುವ ಗುಡುಗು ಕೆಲಸಕ್ಕೆ ಬಾರದು. ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಮೆಲುದನಿಯಲ್ಲಿ ಕೇಳಿ ನೋಡುವುದೇ ತಕ್ಕ ಪರೀಕ್ಷೆ. ನಮ್ಮ ಕಡೆಯ ಬೇಸಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಮೀರುವುದರಿಂದ ರೆಕ್ಸಿನ್ ಮೆತ್ತೆಗಿಂತ ಬಟ್ಟೆಯ ಮೆತ್ತೆ ಹಿತಕರ, ಅದು ಸದ್ದನ್ನು ಸ್ವಲ್ಪ ಕಡಿಮೆ ತಡೆದರೂ ಸರಿಯೆ.

ನಿತ್ಯದ ಕೇಳ್ಮೆಗೂ ಈ ಬಟ್ಟಲು ಉಪಕಾರಿ. ಬಸ್ಸಿನಲ್ಲಿ ಎಂಜಿನ್ನಿನ ಸದ್ದನ್ನು ಮೀರಿಸಲೆಂದು ಧ್ವನಿಯನ್ನು ಏರಿಸುವ ಅಗತ್ಯವು ಇದರಿಂದ ತಗ್ಗುತ್ತದೆ. ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆಗಳೇ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮಕ್ಕಳಿಗಾದರೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿಯು ಅರ್ಧವಾಗುತ್ತದೆ. ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ. ರಸ್ತೆಯಲ್ಲಿ ನಡೆಯುವಾಗ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಳ್ಳಬೇಕು. ಹಿಂದಿನಿಂದ ಬರುವ ಟ್ರ್ಯಾಕ್ಟರಿನ ಹಾರ್ನನ್ನೂ ಆ ಬಟ್ಟಲು ಮರೆಸುತ್ತದೆ.